ಗೆಣ್ಣಿನ ಮೇಲಿನ ಎಣ್ಣೆಮಣಿ

ಗಿರಣಿ ಮನೆ, ಮೇಲಿನ ಕೋಣೆ
ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಈ ಸಲವಾದರೂ ಪತ್ರವನ್ನು ಮೊದಲಿನಿಂದ ಓದು. ನೀನು ಕಥೆಪುಸ್ತಕವನ್ನೂ ಕೊನೆಯ ಪುಟದಿಂದ ಓದುತ್ತಿದ್ದವಳು. ಯಾರು ಸತ್ತರು, ಯಾರು ಉಳಿದರು ಎಂದು ಗೊತ್ತಾದ ಮೇಲೆ ನೆಮ್ಮದಿಯಾಗಿ ಓದಬಹುದು ಎನ್ನುತ್ತಿದ್ದೆ. 'ಇವಳು ಏಣೀನೂ ಮೇಲಿಂದ ಹತ್ತೋಳು' ಎಂದು ಅಪ್ಪ ನಗುತ್ತಿದ್ದ. ಈಗ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದೇ ನಿನ್ನ ಕಸುಬಾದ ಮೇಲೆ ಆ ಚಾಳಿ ಹೋಗಿದೆಯೋ, ಇನ್ನೂ ಗಟ್ಟಿಯಾಗಿದೆಯೋ ತಿಳಿಯದು. ಮೊಣಕಾಲು ನೋವು ಹೇಗಿದೆ? ದಾರ ಪೋಣಿಸುವಾಗ ಕಣ್ಣಲ್ಲಿ ನೀರು ಬರುತ್ತದೆ ಎಂದು ಬರೆದಿದ್ದೆ, ಕನ್ನಡಕ ಬದಲಾಯಿಸಿದೆಯಾ? ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆಯಾ? ಇದನ್ನು ಸುಮ್ಮನೆ ಕೇಳುತ್ತಿಲ್ಲ. ಆದರೆ ಸುಮ್ಮನೆ ಕೇಳಿದೆ ಎಂದುಕೊಂಡು ಉತ್ತರ ಬರಿ, ಗಾಬರಿಯಾದರೆ ನೀನು ಸುಳ್ಳು ಬರೆಯುತ್ತೀಯ.

ಅಮ್ಮ ಚೆನ್ನಾಗಿದ್ದಾಳೆ. ನೀನು ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ. ನಿನ್ನ ಪತ್ರಗಳಲ್ಲಿ ಅಮ್ಮ ಎಂಬ ಪದ ಇರುವುದಿಲ್ಲ. 'ಮನೆಯವರೆಲ್ಲ ಹೇಗಿದ್ದೀರಿ' ಎಂದಿರುತ್ತದೆ. ಈ ಮನೆಯಲ್ಲಿ 'ಎಲ್ಲ' ಎಂದರೆ ನಾವಿಬ್ಬರೇ. ಅವಳಿಗೆ ಕಿವಿ ಮಂದವಾಗಿದೆ, ಬಾಯಿ ಚುರುಕಾಗಿದೆ. ಎದುರು ನಿಂತು ಕೂಗಿದರೂ ಕೇಳದವಳಿಗೆ ಗಾಣ ನಿಂತದ್ದು ಮಾತ್ರ ತಕ್ಷಣ ಕೇಳಿಸುತ್ತದೆ. 'ಯಾಕೋ ನಿಲ್ಸಿದೆ?' ಎಂದು ಒಳಮನೆಯಿಂದ ಕೂಗು ಬರುತ್ತದೆ. ಹೀಗೆ ಅವಳು ಸದ್ದನ್ನಲ್ಲ, ಸದ್ದಿಲ್ಲದ್ದನ್ನು ಕೇಳಿಸಿಕೊಳ್ಳುತ್ತ ಕೂತಿರುತ್ತಾಳೆ. ಒಮ್ಮೊಮ್ಮೆ ನನಗೆ ಅನ್ನಿಸುತ್ತದೆ, ನಿನ್ನ ವಿಷಯದಲ್ಲೂ ಅವಳು ಇಷ್ಟು ವರ್ಷ ಮಾಡುತ್ತ ಬಂದಿರುವುದು ಅದನ್ನೇ.

ಹಳೆಯ ಗಾಣ ಇನ್ನೂ ತಿರುಗುತ್ತಿದೆ. ಚರ್ಮದ ಪಟ್ಟೆ ಹೋಗಿ ರಬ್ಬರಿನದು ಬಂದಿದೆ, ಹಾಗಾಗಿ ಚಪ್ಪಾಳೆ ತಟ್ಟಿದಂಥ ಆ ಸದ್ದು ಇಲ್ಲ. ಈಗಿನದು ಮುದುಕನ ಗೊಣಗಾಟದಂತಿದೆ. ಕಿಟಕಿಯ ಗಾಜುಗಳನ್ನು ನಾನು ಬದಲಾಯಿಸಿಲ್ಲ. ಎಳ್ಳಿನ ಹೊಟ್ಟು, ಎಣ್ಣೆಯ ಆವಿ ಕೂತು ಕೂತು ಕಡು ಚಹಾದ ಬಣ್ಣಕ್ಕೆ ತಿರುಗಿವೆ. ಬಾಗಿಲ ಪಕ್ಕದ ಗಾಜಿನ ಮೇಲೆ ಅಣ್ಣ ಬೆರಳಿನಿಂದ ಗೀಚಿದ್ದ ಬೆಕ್ಕು ನಿನಗೆ ನೆನಪಿರಬೇಕು. ಅದರ ಮೇಲೆ ಎಷ್ಟೋ ಪದರ ಎಣ್ಣೆ ಕೂತು ಮಾಸಿಹೋಗಿದೆ. ಆದರೂ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಒಂದು ಗಳಿಗೆ ಬಾಲ, ಮೀಸೆ ಎಲ್ಲ ಎದ್ದು ಬರುತ್ತವೆ. ನಾನು ಆ ಹೊತ್ತಿಗೆ ಅಲ್ಲಿ ಇರದ ಹಾಗೆ ಏನಾದರೂ ಕೆಲಸ ಇಟ್ಟುಕೊಳ್ಳುತ್ತೇನೆ. ಇದ್ದರೆ ನೋಡುತ್ತೇನೆ.

ಇತ್ತೀಚೆಗೆ ಬೆಳಗಿನ ಚಮಚ ಬಹಳ ನೆನಪಾಗುತ್ತಿದೆ. ದಿನದ ಮೊದಲ ಎಣ್ಣೆ ಗಾಣದ ಕೆಳಗಿನ ಕಂಡಿಯಿಂದ ನೂಲಿನ ಹಾಗೆ ಇಳಿಯುತ್ತಿದ್ದಂತೆ ಅಮ್ಮ ಬಾಗಿಲ ಬಳಿಯ ಮೊಳೆಯಿಂದ ಚಮಚ ತೆಗೆದುಕೊಳ್ಳುತ್ತಿದ್ದಳು. ಅದು ಆ ಮೊಳೆಯದೇ ಚಮಚ, ಬೇರೆ ಯಾವುದಕ್ಕೂ ಬಳಸುವಂತಿರಲಿಲ್ಲ. ಅಣ್ಣ ಒಮ್ಮೆ ಸಿಟ್ಟಿನಲ್ಲಿ ಕಚ್ಚಿದ್ದರಿಂದ ಅದರ ಅಂಚು ಸ್ವಲ್ಪ ಸೊಟ್ಟ. ಮೊದಲು ನೀನು, ಆಮೇಲೆ ಅಣ್ಣ, ಕೊನೆಗೆ ನಾನು. 'ಬಾಯಿ ತೆಗಿ. ಮುಖ ಸಿಂಡರಿಸಬೇಡ. ಇದು ಊರ ಮಕ್ಕಳಿಗೆಲ್ಲ ಸಿಗಲ್ಲ, ತಿಳ್ಕೊ.' ಎಣ್ಣೆ ಬೆಚ್ಚಗೆ ಗಂಟಲಲ್ಲಿ ಇಳಿಯುತ್ತಿತ್ತು, ಹುರಿದದ್ದಕ್ಕೂ ಹಸಿಯದ್ದಕ್ಕೂ ನಡುವಿನ ಒಂದು ರುಚಿ. ಅಣ್ಣ ಮಾತ್ರ ಪ್ರತಿದಿನ ಗಟ್ಟಿಯಾಗಿ ಕಣ್ಣು ಮುಚ್ಚುತ್ತಿದ್ದ. 'ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ ಅನ್ನೋ ಗಾದೆ ಇವನನ್ನ ನೋಡೇ ಕಟ್ಟಿರಬೇಕು' ಎಂದು ಅಪ್ಪ ಕಾಳು ಸುರಿಯುತ್ತಲೇ ಹೇಳುತ್ತಿದ್ದ. ನನ್ನ ಪಾಲಿಗೆ ಬರುವುದು ಚಮಚದ ಕೊನೆಯದು, ಒಡಲಿಗೆ ಬಂದವನೂ ನಾನೇ ಕೊನೆ. ಎಣ್ಣೆಯ ತಳದಲ್ಲಿ ನಿಲ್ಲುವ ಗಸಿಯ ಹೆಸರನ್ನೇ ಅಪ್ಪ ನನಗೆ ಇಟ್ಟುಬಿಟ್ಟ. ಐವತ್ತು ದಾಟಿದ ಮೇಲೂ ನನ್ನನ್ನು ಗಸಿ ಎಂದು ಕರೆಯುವವರು ಇಬ್ಬರು ಉಳಿದಿದ್ದೀರಿ, ಅದರಲ್ಲಿ ಒಬ್ಬಳು ದೂರ.

ಅಂಗಳದ ಕಟ್ಟೆಯ ಮೇಲೆ ಮೂವರೂ ಕೈ ಮುಷ್ಟಿ ಮಾಡಿ ಸಾಲಾಗಿ ಇಟ್ಟು ಎಣ್ಣೆಮಣಿ ಹೋಲಿಸುತ್ತಿದ್ದದ್ದು ನೆನಪಿದೆಯಾ? ನಿನಗೆ ನಡುಬೆರಳಿನ ಗೆಣ್ಣಿನ ಮೇಲೆ ಒಂದು, ಮೊಣಕೈಯಲ್ಲಿ ಎರಡು. ನನಗೆ ಗೆಣ್ಣುಗಳ ಮೇಲೆ ಚಿಕ್ಕವು. ಅಣ್ಣನೇ ಸಾಹುಕಾರ: ಗೆಣ್ಣು, ಮೊಣಕೈ, ಹಿಮ್ಮಡಿಯ ಮೇಲಿನ ನರ, ಎಲ್ಲ ಕಡೆ. ಚರ್ಮದ ಕೆಳಗೆ ಹಳದಿ ಮಿಶ್ರಿತ ಕೆನೆ ಬಣ್ಣದ ಪುಟ್ಟ ಗಂಟುಗಳು, ಒತ್ತಿದರೆ ನೋವಿಲ್ಲ. 'ಗಿರಣಿಯವನ ಮಕ್ಕಳು ಅಂತ ಮೇಲಿಂದಲೇ ಮುದ್ರೆ ಒತ್ತಿ ಕಳಿಸಿದ್ದಾರೆ' ಎನ್ನುತ್ತಿದ್ದ ಅಪ್ಪ. ನಾವು ನಂಬಿದ್ದೆವು. ಶಾಲೆಯಲ್ಲಿ ಯಾರಾದರೂ ಗಂಟು ಎಂದು ಹೀಯಾಳಿಸಿದರೆ ಅಣ್ಣ ಅವರಿಗೆ ಮಣಿಯನ್ನು ಮುಟ್ಟಲು ಬಿಡುತ್ತಿರಲಿಲ್ಲ. ಅದೇ ಅವನು ಕೊಡುತ್ತಿದ್ದ ಶಿಕ್ಷೆ. ಅಪ್ಪನಿಗಾಗಲಿ ಅಮ್ಮನಿಗಾಗಲಿ ಒಂದೂ ಮಣಿ ಇರಲಿಲ್ಲ ಎಂಬುದು ಆಗ ನಮಗೆ ವಿಚಿತ್ರ ಅನ್ನಿಸಲಿಲ್ಲ.

ಹೋದ ವರ್ಷ ಹಿಂಡಿಯ ಮೂಟೆ ಎತ್ತುವಾಗ ನನ್ನ ಎದೆಯ ಮೇಲೆ ಯಾರೋ ಬಂದು ಕೂತಂತಾಯಿತು. ಗಾಬರಿಪಡಬೇಡ, ಎದ್ದು ಹೋದರು. ನಿನಗೆ ಬರೆಯಲಿಲ್ಲ. ಪೇಟೆಯ ಆಸ್ಪತ್ರೆಯಲ್ಲಿ ಒಬ್ಬಳು ವೈದ್ಯೆ, ನನಗೆ ಮಗಳಿದ್ದಿದ್ದರೆ ಅಷ್ಟು ವಯಸ್ಸು ಆಗುತ್ತಿತ್ತು. ಅವತ್ತು ಅವಳಿಗೇ ನೆಗಡಿ. ಮೂಗು ಒರೆಸಿಕೊಳ್ಳುತ್ತ ನನ್ನ ಕೈ ಹಿಡಿದಳು, ನಾಡಿ ನೋಡುತ್ತಾಳೆ ಅಂದುಕೊಂಡೆ. ನೋಡಿದ್ದು ಗೆಣ್ಣುಗಳನ್ನು. 'ಇದೇನಿವ್ರೇ?' ಎಂದಳು. ಎಣ್ಣೆಮಣಿ ಎಂದೆ. ನಗಲಿಲ್ಲ. 'ಮನೇಲಿ ಇನ್ಯಾರಿಗಿದೆ?' ಮೂವರು ಮಕ್ಕಳಿಗೂ ಇತ್ತು ಎಂದೆ. 'ಇತ್ತು ಅಂದ್ರೆ?' ಅಕ್ಕಾ, ಆ ಪ್ರಶ್ನೆಗೆ ಉತ್ತರ ಕೊಡುವಾಗ ಮೊದಲ ಸಲ ನಾನು ಅಣ್ಣನ ಸಾವನ್ನು ಒಬ್ಬ ಅಪರಿಚಿತಳಿಗೆ ಹೇಳುತ್ತಿದ್ದೆ. ಎಷ್ಟು ಚಿಕ್ಕದಾಗಿ ಹೇಳಿ ಮುಗಿಸಬಹುದು ಅದನ್ನು! ಮೆಟ್ಟಿಲ ಮೇಲೆ, ಹೆಗಲ ಮೇಲೆ ಮೂಟೆ, ಮದುವೆಯಾಗಿರಲಿಲ್ಲ. ಅಷ್ಟೇ.

ಅವಳು ರಕ್ತವನ್ನು ಎರಡು ಕಡೆಗೆ ಕಳಿಸಿದಳು. ಒಂದು ಅಲ್ಲಿಯ ಪರೀಕ್ಷೆಗೆ, ಇನ್ನೊಂದು ದೂರದ ಯಾವುದೋ ಪ್ರಯೋಗಾಲಯಕ್ಕೆ. ಕಾಯುವ ದಿನಗಳಲ್ಲಿ ಒಂದು ಸಲ ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ನನ್ನ ರಕ್ತವನ್ನೇ ತೋರಿಸಿದಳು. ದುಂಡನೆಯ ಕಣಗಳು, ಕೆಲವುಗಳ ನಡುವೆ ಸೀಳು, ಅರೆ ತೆರೆದ ತುಟಿಯ ಹಾಗೆ. 'ಎಲ್ಲರ ರಕ್ತದಲ್ಲಿ ಹೀಗೆ ಬಾಯಿ ಇರಲ್ಲ' ಎಂದಳು. ನಾನು ಬಹಳ ಹೊತ್ತು ನೋಡಿದೆ. ಏನೋ ಹೇಳಬೇಕೆಂದು ಬಾಯಿ ತೆರೆದು, ಬೇಡವೆಂದು ಸುಮ್ಮನಾದವರ ಒಂದು ಗುಂಪು. ನಮ್ಮ ಮನೆಯವರೆಲ್ಲ, ನೀನು ಬರೆಯುವ ಅರ್ಥದಲ್ಲಿ.

ಫಲಿತಾಂಶ ಬಂದ ದಿನ ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕೊಲೆಸ್ಟರಾಲ್ ಎನ್ನುವುದು ಪ್ರಾಣಿಗಳ ಮೈಯದು, ಅದು ನಿನಗೆ ಗೊತ್ತು. ಗಿಡಗಳಲ್ಲಿಯೂ ಅದಕ್ಕೆ ದಾಯಾದಿಯಂಥ ವಸ್ತು ಇರುತ್ತದಂತೆ, ಸಸ್ಯದ ಸ್ಟೆರಾಲ್. ಎಳ್ಳಿನಲ್ಲಿ, ಎಣ್ಣೆಯಲ್ಲಿ, ಎಲ್ಲ ಬಗೆಯ ಕಾಳುಬೀಜಗಳಲ್ಲಿ. ಮುಖ ಎರಡಕ್ಕೂ ಒಂದೇ, ಗಿಡದ್ದಕ್ಕೆ ಬಾಲದಲ್ಲಿ ಸಣ್ಣದೊಂದು ಕವಲು ಹೆಚ್ಚು. ಕರುಳಿನ ಗೋಡೆಯಲ್ಲಿ ಒಂದು ಪ್ರೋಟೀನು ಬಾಗಿಲ ಕೆಲಸ ಮಾಡುತ್ತದೆ. ಅದು ಮುಖ ನೋಡಿ ಎರಡನ್ನೂ ಒಳಗೆ ಬಿಟ್ಟುಬಿಡುತ್ತದೆ. ಒಳಗೆ ಬೇರೆ ಎರಡು ಪ್ರೋಟೀನುಗಳು ಜೋಡಿಯಾಗಿ ನಿಂತಿರುತ್ತವೆ. ಅವು ಕವಲು ಇರುವುದನ್ನು ಹಿಡಿದು ಬಂದ ದಾರಿಯಲ್ಲೇ ಹೊರಗೆ ದಬ್ಬುತ್ತವೆ. ಒಂದೇ ಇದ್ದರೆ ಆಗದು. ಇಬ್ಬರು ಹೆಗಲು ಕೊಟ್ಟರೇ ಮೂಟೆ ಏಳುವುದು. ನಮ್ಮ ಮೈಯಲ್ಲಿ ಆ ಜೋಡಿಯಲ್ಲಿ ಒಂದು ಸೊಟ್ಟಗೆ ಹುಟ್ಟಿದೆ, ಹಾಗಾಗಿ ಜೋಡಿ ಕೂಡುವುದೇ ಇಲ್ಲ. ನಾನು ಕೇಳಿದೆ, ಗಾಣಕ್ಕೆ ಕಾಳು ಸುರಿಯುವವನು ಸುರಿಯುತ್ತಲೇ ಇದ್ದಾನೆ, ಹಿಂಡಿ ತೆಗೆಯುವವನು ರಜೆಯಲ್ಲಿದ್ದಾನೆ, ಹಾಗೆಯೇ? ಅವಳು ನಕ್ಕು ಕೆಮ್ಮಿ, 'ರಜೆ ಅಲ್ಲ, ಅವನು ಕೆಲಸಕ್ಕೆ ಬಂದೇ ಇಲ್ಲ' ಎಂದಳು. ಹಿಂಡಿ ತೆಗೆಯದ ಗಾಣ ಏನಾಗುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಒಳಗೇ ಗಟ್ಟಿ ಕಟ್ಟಿ ಕಟ್ಟಿ ಒಂದು ದಿನ ನಿಲ್ಲುತ್ತದೆ. ಹಾಗೆ ಕಟ್ಟಿಕೊಂಡದ್ದು ನರಗಳ ಮೇಲೆ, ಗೆಣ್ಣುಗಳ ಮೇಲೆ, ಚರ್ಮದಡಿಯಲ್ಲಿ ಹೊರಗೆ ಇಣುಕಿದರೆ ಅದೇ ಎಣ್ಣೆಮಣಿ. ಎದೆಯ ರಕ್ತನಾಳದಲ್ಲಿಯೂ ಕಟ್ಟುತ್ತದೆ. ಅಲ್ಲಿ ಹೋಲಿಸಿ ನೋಡಲು ಆಗುವುದಿಲ್ಲ, ಅಷ್ಟೇ.

ಉಳಿದವರಿಗೆ ಇದೇ ವಸ್ತು ಉಪಕಾರಿ. ಬಾಗಿಲಲ್ಲಿ ನೂಕುನುಗ್ಗಲು ಮಾಡಿ ಕೊಲೆಸ್ಟರಾಲನ್ನು ಹೊರಗೆ ತಡೆಯುತ್ತದೆ, ಆಮೇಲೆ ತಾನೂ ಹೊರಗೆ ಹೋಗುತ್ತದೆ. ಆದ್ದರಿಂದ ಗಿರಾಕಿಗಳಿಗೆ ನಮ್ಮ ಎಣ್ಣೆಯಿಂದ ಒಳ್ಳೆಯದೇ ಆಗಿದೆ, ಇದನ್ನು ಎರಡೆರಡು ಸಲ ಕೇಳಿ ಖಾತರಿ ಮಾಡಿಕೊಂಡೆ. ಊರಿಗೆಲ್ಲ ಒಳ್ಳೆಯದಾದದ್ದು ಹಿಂಡಿದವನ ಮಕ್ಕಳಿಗೇ ಆಗಿಬರಲಿಲ್ಲ. ಈ ಕೊರತೆ ಅಪ್ಪನ ಕಡೆಯಿಂದ ಒಂದು ಪಾಲು, ಅಮ್ಮನ ಕಡೆಯಿಂದ ಒಂದು ಪಾಲು ಬಂದರೆ ಮಾತ್ರ ಕಾಣಿಸಿಕೊಳ್ಳುವುದಂತೆ. ಒಂದೊಂದೇ ಪಾಲು ಇದ್ದ ಅವರಿಬ್ಬರಿಗೆ ಏನೂ ಆಗಲಿಲ್ಲ. 'ಮೂವರಿಗೂ ಎರಡೆರಡು ಪಾಲು ಬಿದ್ದಿದ್ರೆ ಅದು ಬಹಳ ಅಪರೂಪ ಇವ್ರೇ' ಎಂದು ಅವಳು ಹೇಳಿದ ರೀತಿಗೆ, ಬಹುಮಾನ ಬಂದಿದೆಯೇನೋ ಅನ್ನಿಸಿತು.

ಈಗ ಹಾಲಿನ ಡೈರಿಯ ಮಾತು. ಅದನ್ನು ಬಿಟ್ಟು ಬರೆಯೋಣ ಎಂದು ಎರಡು ಸಲ ಹಾಳೆ ಬದಲಾಯಿಸಿದೆ. ಗಿರಣಿಯ ಪಕ್ಕದ ಡೈರಿಯಲ್ಲಿ ನೀನು ಬೆಣ್ಣೆ ಕತ್ತರಿಸಿ ಕಾಗದ ಸುತ್ತುವ ಕೆಲಸಕ್ಕೆ ಹೋಗುತ್ತಿದ್ದಾಗ ಸಂಜೆ ಬಂದರೆ ನಿನ್ನ ಮೈಯಿಂದ ಬೇರೆಯೇ ವಾಸನೆ ಬರುತ್ತಿತ್ತು, ತಣ್ಣಗಿನ ಹಾಲಿನ ವಾಸನೆ. ಮೂಲೆಯ ತುಂಡುಗಳನ್ನು ಕೆಲಸದವರಿಗೇ ಬಿಡುತ್ತಿದ್ದರು. ನೀನು ಅದನ್ನು ಜೇಬಿನಲ್ಲಿಟ್ಟುಕೊಂಡು ಕರಗುವ ಮೊದಲೇ ಓಡಿ ಬರುತ್ತಿದ್ದೆ. ಅಣ್ಣ ಮೆಟ್ಟಿಲ ಕೆಳಗೆ ಕಾಯುತ್ತಿದ್ದ. ನೀವಿಬ್ಬರೂ ಹಗಲೆಲ್ಲ ಎಣ್ಣೆ ಸೀಗೆಕಾಯಿ, ಆ ಒಂದು ಗಳಿಗೆ ಮಾತ್ರ ಸ್ನೇಹ. ಬೆರಳು ನೆಕ್ಕುತ್ತ ಅವನು ಬರುವುದನ್ನು ನೋಡಿಯೇ ನೀನು ಬೆಕ್ಕು ಎಂದು ಹೆಸರಿಟ್ಟೆ. ಅವನು ಹೋಗಿ ಗಾಜಿನ ಮೇಲೆ ತನ್ನ ಚಿತ್ರವನ್ನೇ ಬರೆದ. ನನಗೂ ಒಂದು ಚೂರು ಬೇಕೆಂದು ಅತ್ತರೆ 'ಸುಮ್ನಿರೋ ಗಸಿ, ಬೆಕ್ಕಿಗೆ ಕೊಟ್ಟಿದ್ದನ್ನ ಇಲಿ ಕೇಳ್ತದೇನೋ' ಎನ್ನುತ್ತಿದ್ದ.

ಅವನಿಗೆ ಮೊದಲ ಸಲ ಎದೆ ನೋವು ಬಂದಾಗ ಹಳೆಯ ವೈದ್ಯರು ರಕ್ತ ನೋಡಿ ಹುಬ್ಬೇರಿಸಿದರು. 'ಈ ವಯಸ್ಸಿಗೆ ಇಷ್ಟು ಕೊಲೆಸ್ಟರಾಲಾ? ಬೆಣ್ಣೆ ಬಂದ್, ಮೊಟ್ಟೆ ಬಂದ್. ಎಣ್ಣೆ ತಿನ್ನಿ, ಕಾಳುಬೀಜ ತಿನ್ನಿ. ನಿಮಗೇನು, ಗಿರಣೀನೇ ಇದೆ.' ಸಾಮಾನ್ಯ ಪರೀಕ್ಷೆಗೆ ಆ ದಾಯಾದಿಗಳ ವ್ಯತ್ಯಾಸ ತಿಳಿಯುವುದಿಲ್ಲವಂತೆ. ಗಿಡದ್ದನ್ನೂ ಪ್ರಾಣಿಯದ್ದನ್ನೂ ಕೂಡಿಸಿ ಒಂದೇ ಹೆಸರಲ್ಲಿ ಬರೆದುಕೊಡುತ್ತದೆ. ಅವರ ತಪ್ಪೇನಿಲ್ಲ, ಯಾವ ವೈದ್ಯರಾದರೂ ಅದನ್ನೇ ಹೇಳುತ್ತಿದ್ದರು. ಅಮ್ಮನ ಮುಖ ಅವತ್ತು ಅರಳಿದ್ದು ನನಗೆ ಈಗಲೂ ಕಾಣುತ್ತದೆ. ಮಗನನ್ನು ಉಳಿಸುವ ಮದ್ದು ತನ್ನ ಮನೆಯ ತೊಟ್ಟಿಯಲ್ಲೇ ಇದೆಯಲ್ಲ! ಬೆಣ್ಣೆ ನಿಂತ ಮನೆಯಲ್ಲಿ ಎಣ್ಣೆ ಹೊಳೆಯಾಯಿತು. ಚಮಚ ಹೋಗಿ ಬಟ್ಟಲು ಬಂತು, ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ಅದ್ದಿ ಅವಳೇ ಅವನ ಬಾಯಿಗಿಡುತ್ತಿದ್ದಳು, ಹುರಿದ ಎಳ್ಳು ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ನೀನು ಕದ್ದು ತರುತ್ತಿದ್ದ ಬೆಣ್ಣೆಯ ತುಂಡೂ ನಿಲ್ಲಲಿಲ್ಲ. ಅವನು ಕೇಳುತ್ತಿದ್ದ ರೀತಿಗೆ ಯಾರಿಂದಲೂ ನಿಲ್ಲಿಸಲು ಆಗುತ್ತಿರಲಿಲ್ಲ. ಅವನು ಮೆಟ್ಟಿಲ ಮೇಲೆ ಬಿದ್ದ ದಿನ ಜೇಬಿನಿಂದ ಎರಡೂ ಹೊರಗೆ ಬಂದವು, ಎಳ್ಳು ಮತ್ತು ಬೆಣ್ಣೆಯ ಕಾಗದ. ಅಮ್ಮ ಕೈಗೆತ್ತಿಕೊಂಡದ್ದು ಕಾಗದವನ್ನು.

'ಬೆಣ್ಣೆ ತಿನ್ನಿಸಿ ತಿನ್ನಿಸಿ ನನ್ನ ಮಗನನ್ನೇ ತಿಂದ್ಬಿಟ್ಟೆಯಲ್ಲೇ.' ಒಂದೇ ಮಾತು. ಅವಳು ಅದನ್ನು ಮತ್ತೆ ಹೇಳಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ನೀನು ಮನೆ ಬಿಟ್ಟು ಹೊರಟುಹೋದೆ. ಅಪ್ಪ ತೀರಿಕೊಂಡಾಗಲೂ ಬಂದು ಬಾಗಿಲ ಹೊರಗೇ ನಿಂತು ಹೋದೆ. ಆಮೇಲೆ ಶುರುವಾದದ್ದು ಡಬ್ಬಿ. ಪ್ರತಿ ಸುಗ್ಗಿಯಲ್ಲೂ ಹೊಸ ಎಳ್ಳಿನ ಮೊದಲ ಎಣ್ಣೆಯನ್ನು ಅಮ್ಮ ಆ ತಗಡಿನ ಡಬ್ಬಿಗೆ ತಾನೇ ಸೋಸಿ ತುಂಬಿಸುತ್ತಾಳೆ, ನಾನು ಮುಚ್ಚಳ ಬೆಸೆಯುತ್ತೇನೆ, ಲಾರಿಯವನು ಒಯ್ಯುತ್ತಾನೆ. ನೀನು ಖಾಲಿ ಮಾಡಿ, ಬಿಸಿನೀರಲ್ಲಿ ತೊಳೆದು, ಒರೆಸಿ ವಾಪಸು ಕಳಿಸುತ್ತೀಯ. ಅದರಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಅಮ್ಮ ಅದರ ಮುಚ್ಚಳ ತೆಗೆದು ಮೂಸುತ್ತಾಳೆ, 'ಪೂರ್ತಿ ತಿಂದಿದಾಳೆ' ಎಂದು ಮೇಲಿನ ಅಟ್ಟಕ್ಕೆ ಇಡುತ್ತಾಳೆ. ನಿಮ್ಮಿಬ್ಬರ ನಡುವೆ ಇಷ್ಟು ವರ್ಷ ನಡೆದಿರುವ ಮಾತುಕತೆ ಎಂದರೆ ಇದೇ. ಇದನ್ನು ನಾನು ಹೇಗೆ ನಿಲ್ಲಿಸಲಿ?

ಬೆಣ್ಣೆಯ ವಿಷಯವನ್ನು ನಾನು ವೈದ್ಯೆಗೆ ನೇರವಾಗಿ ಕೇಳಿದೆ. 'ಬೆಣ್ಣೆ ಸಾಧು ಅಂತ ನಾನೇನೂ ಹೇಳಲ್ಲ' ಎಂದಳು. 'ಆದ್ರೆ ಬೆಣ್ಣೆ ಒಂದು ತುಂಡೂ ಮುಟ್ಟದೆ ಇದ್ದಿದ್ರೂ, ಎಣ್ಣೆ ಕಾಳು ಅಷ್ಟು ನಡೀತಿದ್ರೆ ನಿಮ್ಮಣ್ಣ ಉಳೀತಿದ್ರು ಅಂತ ನನಗನ್ಸಲ್ಲ.' ಈ ಮಾತನ್ನು ನಿನಗೆ ಬರೆಯಬೇಕೆಂದೇ ಈ ಪತ್ರ. ಆದರೆ ನೋಡು, ನಿನ್ನ ಹೆಗಲಿನ ಮೂಟೆ ಇಳಿಸಿದರೆ ಅದನ್ನು ನೆಲದ ಮೇಲೆ ಇಡಲು ಬರುವುದಿಲ್ಲ, ಇನ್ನೊಂದು ಹೆಗಲು ಬೇಕು. ಆ ಹೆಗಲಿಗೆ ಎಂಬತ್ತು ದಾಟಿದೆ. ಅತ್ತ ದರಿ, ಇತ್ತ ಪುಲಿ. ಅಮ್ಮನಿಗೆ ನಾನು ಏನೂ ಹೇಳಿಲ್ಲ. ಹೊಟ್ಟೆಗೆ ಆಗುತ್ತಿಲ್ಲ, ಎಣ್ಣೆ ಕಡಿಮೆ ಮಾಡಲು ಹೇಳಿದ್ದಾರೆ ಎಂದೆ. 'ಗಿರಣಿಯವನ ಮಗ ಎಣ್ಣೆ ಬಿಟ್ಟ, ಇನ್ನು ಮೀನು ನೀರು ಬಿಡ್ತದೆ' ಎಂದು ತಟ್ಟೆ ಮುಂದೆ ತಳ್ಳಿದಳು.

ಆದ್ದರಿಂದ ಒಂದು ಕೇಳಿಕೆ. ನೀನು ಪರೀಕ್ಷೆ ಮಾಡಿಸು. ಬೀಜ ಬಿಡು, ಎಣ್ಣೆ ಬಿಡು. ಆದರೆ ಇದು ನನ್ನ ನಿನ್ನ ನಡುವೆ ಇರಲಿ. ಈ ಸುಗ್ಗಿಯ ಡಬ್ಬಿ ಕೆಳಗೆ ತುಂಬಿ ನಿಂತಿದೆ. ಅದು ಬಂದರೆ ತೆಗೆದುಕೊ, ಅಕ್ಕಪಕ್ಕದವರಿಗೆ ಹಂಚು, ತೊಳೆದು ವಾಪಸು ಕಳಿಸು, ಎಂದಿನಂತೆ. ಅವಳು ಮೂಸಿ 'ಪೂರ್ತಿ ತಿಂದಿದಾಳೆ' ಎನ್ನಲಿ. ನ್ಯಾಯವಾದ ಮಾತಲ್ಲ ಎಂದು ಗೊತ್ತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ನೀನು ಅನ್ನಬಹುದು, ಅನ್ನು. ಇಷ್ಟು ವರ್ಷ ಹೊತ್ತದ್ದನ್ನು ಇನ್ನು ಸ್ವಲ್ಪ ದಿನ, ಅವಳು ಇರುವಷ್ಟು ದಿನ, ಹೊತ್ತಂತೆ ನಟಿಸು ಎಂದು ಕೇಳುತ್ತಿದ್ದೇನೆ. ಒಳಗೆ ಭಾರ ಇರುವುದಿಲ್ಲವಲ್ಲ.

ನನ್ನ ಮಣಿಗಳು ಕರಗುತ್ತಿವೆ, ಅದನ್ನೂ ಬರೆಯಬೇಕು. ಕರುಳಿನ ಆ ಬಾಗಿಲನ್ನೇ ಮುಚ್ಚುವ ಒಂದು ಮಾತ್ರೆ ಇದೆ, ದಿನಕ್ಕೊಂದು ನುಂಗುತ್ತೇನೆ. ಎಣ್ಣೆ, ಎಳ್ಳು ಬಿಟ್ಟು ತಿಂಗಳುಗಳಾದವು. ಗೆಣ್ಣುಗಳು ಬೇರೆ ಯಾರದೋ ಕೈಯವು ಎಂಬಂತೆ ನುಣ್ಣಗಾಗುತ್ತಿವೆ. ವೈದ್ಯೆಗೆ ಸಂತೋಷ. ನನಗೂ ಸಂತೋಷವೇ. ಆದರೂ ಒಂದೊಂದು ಸಂಜೆ ಕಟ್ಟೆಯ ಮೇಲೆ ಮುಷ್ಟಿ ಇಟ್ಟು ನೋಡಿಕೊಳ್ಳುತ್ತೇನೆ. ಅಣ್ಣನ ಕೈ ಪಕ್ಕದಲ್ಲಿದ್ದರೂ ಹೋಲಿಸಲು ಇನ್ನು ನನ್ನ ಬಳಿ ಏನೂ ಉಳಿಯುವುದಿಲ್ಲ. ನಿನ್ನದು ಕರಗುವ ಮೊದಲು ಒಂದು ಸಲ ನೋಡಬೇಕೆಂಬ ಮೂರ್ಖ ಆಸೆಯೂ ಆಗುತ್ತದೆ. ಅದಕ್ಕಾಗಿ ಕಾಯಬೇಡ, ನಾಳೆಯೇ ವೈದ್ಯರ ಬಳಿ ಹೋಗು.

ನಿನ್ನ ಸೂಜಿಗೆ ಒಳ್ಳೆಯ ದಾರ, ನಿನ್ನ ಕಣ್ಣಿಗೆ ಒಳ್ಳೆಯ ಬೆಳಕು ಸಿಗಲಿ. ದೊಡ್ಡವಳು ನೀನು, ಹರಸಬೇಕಾದವಳು ನೀನೇ. ಇಲ್ಲಿಂದ ನಾನು ತಲೆ ಬಗ್ಗಿಸಿದ್ದೇನೆ ಎಂದುಕೊ.

ನಿನ್ನ ತಮ್ಮ,
ಗಸಿ

ತಾ.ಕ.: ಅಕ್ಕಾ, ಬೆಣ್ಣೆಯಲ್ಲ. ಇದು ಅಮ್ಮನ ಮಾತು, ಅವಳೇ ಹೇಳಿ ಬರೆಸುತ್ತಿದ್ದಾಳೆ, ನನ್ನ ಬೆನ್ನ ಹಿಂದೆ ಗೋಡೆ ಹಿಡಿದು ನಿಂತಿದ್ದಾಳೆ. ಮೇಲೆ ನಾನು ನಟಿಸು ಎಂದು ಬರೆದದ್ದನ್ನೆಲ್ಲ ಹೊಡೆದುಹಾಕು. ಪತ್ರ ಮುಗಿಸುತ್ತಿದ್ದಂತೆ ಡಬ್ಬಿಯ ಮುಚ್ಚಳ ಬೆಸೆಯಲು ಕರೆದಳು. ಹೋದೆ, ಕೈ ಏಳಲಿಲ್ಲ. 'ಯಾಕೋ ನಿಲ್ಸಿದೆ?' ಎಂದಳು, ಗಾಣ ನಿಂತಾಗ ಕೇಳುವ ಹಾಗೆಯೇ. ಆಮೇಲೆ ನನ್ನ ಕೈ ಹಿಡಿದು ಗೆಣ್ಣುಗಳನ್ನು ಸವರಿದಳು. 'ಮಣಿ ಎಲ್ಲಿ ಹೋಯ್ತು?' ಸುಳ್ಳು ಹೇಳಲು ಬರಲಿಲ್ಲ. ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದೆ, ಎಣ್ಣೆ, ಬಾಗಿಲು, ಜೋಡಿ, ಎಲ್ಲ. ಮುಗಿದ ಮೇಲೆ ಚಮಚದ ವಿಷಯ ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ. 'ಹಂಗಾದ್ರೆ ಅವಳ ಬೆಣ್ಣೆ?' ಅಲ್ಲ ಅಮ್ಮಾ ಎಂದೆ. ನನ್ನ ಕೈ ಬಿಟ್ಟು ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ, 'ಎಣ್ಣೆ ಕೊಟ್ಟಿದ್ದು ನಾನು. ಅದನ್ನ ಅವಳ ತಲೆಗೆ ಕಟ್ಟಿದ್ನಲ್ಲೋ. ಬೆಣ್ಣೆ ಅಲ್ಲ ಅಂತ ಬರಿ' ಎಂದಳು. ಪತ್ರ ಮುಗಿದಿದೆ, ಮೊದಲಿನಿಂದ ಮತ್ತೆ ಬರೆಯುತ್ತೇನೆ ಎಂದೆ. 'ಬೇಡ, ಕೊನೇಲಿ ಬರಿ. ಅವಳು ಕೊನೇದೇ ಮೊದ್ಲು ಓದೋಳು' ಎಂದಳು.

ನಿನ್ನ ಮನೆಯಲ್ಲಿ ಉಳಿದ ಎಣ್ಣೆಯನ್ನು ಬಾಗಿಲ ಕೀಲಿಗೆ ಹಾಕು, ಬಾಯಿಗೆ ಹಾಕಬೇಡ. ವೈದ್ಯರಿಗೆ ಗೆಣ್ಣು ತೋರಿಸಿ ಸಸ್ಯದ ಸ್ಟೆರಾಲಿನ ಪರೀಕ್ಷೆಯನ್ನೇ ಕೇಳು, ಬರೀ ಕೊಲೆಸ್ಟರಾಲಿನದ್ದಲ್ಲ. ಲಾರಿಯವನು ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಡಬ್ಬಿ ಈ ಸಲ ಹಗುರವಾಗಿದೆ ಎಂದು ಆಶ್ಚರ್ಯಪಡಬೇಡ. ಎಣ್ಣೆಯನ್ನು ಅವಳೇ ತೊಟ್ಟಿಗೆ ಸುರಿದು, ಬಿಸಿನೀರಲ್ಲಿ ತೊಳೆದು, ಒರೆಸಿ, ಮುಚ್ಚಳ ಬೆಸೆಯಲು ಕೊಟ್ಟಳು. ಅಲುಗಿಸಿದರೆ ಒಳಗೆ ಏನೋ ಖಣಖಣ ಎನ್ನುತ್ತದೆ. ಏನೆಂದು ನಾನು ಕೇಳಲಿಲ್ಲ. ಬಾಗಿಲ ಬಳಿಯ ಮೊಳೆಯಲ್ಲಿ ಈಗ ಚಮಚವಿಲ್ಲ.